ಬ್ಯಾರನ್ ಒಳಗೆ ಹೋಗುವವನನ್ನು ಕೇಳಿದಿರಾ?

ಕನ್ನಡದ ಗೆಳೆಯರೇ,

ಅಂಗಡಿ ಬೋರ್ಡಿನಲ್ಲಿ ಕನ್ನಡ ಬರಲೆಂದು ನೀವು ಬೀದಿಗಿಳಿದಿದ್ದೀರಿ. ಅದು ಬೇಕೇ ಬೇಕು. ಆದರೆ ಕನ್ನಡವಿಲ್ಲದ್ದಕ್ಕೆ ಕೈ ಸುಟ್ಟುಕೊಳ್ಳುವ ಜಾಗಗಳೂ ಇವೆ. ಅದನ್ನು ಹೇಳಲು ಬಂದಿದ್ದೇನೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಆಗಸ್ಟ್ ತಿಂಗಳಲ್ಲಿ ಬನ್ನಿ, ಹೊಲದಂಚಿನ ಬ್ಯಾರನ್‌ಗಳಲ್ಲಿ ಹಗಲೂ ರಾತ್ರಿ ಬೆಂಕಿ ಉರಿಯುತ್ತಿರುತ್ತದೆ. ಒಲೆಯ ಬಿಸಿ ಹೊಗೆ ತಗಡಿನ ಪೈಪಿನೊಳಗೆ ಸುತ್ತಿ ಹೊರಹೋಗುತ್ತದೆ. ಮೇಲೆ ಕಡ್ಡಿಗೆ ಕಟ್ಟಿದ ಸೊಪ್ಪು ಸಾಲುಸಾಲಾಗಿ ತೂಗುತ್ತದೆ. ಐದಾರು ದಿನದ ಬೇಯಿಸುವಿಕೆ, ಕೊನೆಗೆ ಶಾಖ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ಗರಿಗರಿ ಒಣಗಿದ ಒಂದೇ ಒಂದು ಎಲೆ ಕಳಚಿ ಕಾದ ಪೈಪಿನ ಮೇಲೆ ಬಿದ್ದರೆ ಸಾಕು, ಬ್ಯಾರನ್ ಪೂರ್ತಿ ಬೂದಿ. ಪೈಪಿನ ಮೇಲೆ ತಂತಿ ಜಾಲರಿ ಹಾಸಿದರೆ ಎಲೆ ಅಲ್ಲೇ ನಿಲ್ಲುತ್ತದೆ.

ಈಗ ಹೇಳಿ, ಕೈಯಲ್ಲಿರುವ ದುಡ್ಡಿಗೆ ಈ ವರ್ಷ ಒಂದೇ ಸುಧಾರಣೆ ಸಾಧ್ಯ. ಯಾವುದು?

ರೈತ ಸೌದೆ ಉಳಿಸುವ ಒಲೆ ಕೇಳುತ್ತಾನೆ. ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಬೇಕು, ಅವನದೇನು ತಪ್ಪು? ಪಕ್ಕದಲ್ಲೇ ನಾಗರಹೊಳೆ, ಅರಣ್ಯದ ಕಾಳಜಿಯವರೂ ಅದನ್ನೇ ಹೇಳುತ್ತಾರೆ. ಕೊಳ್ಳುವ ಕಂಪನಿಗೆ ಎಲೆಯ ಬಣ್ಣ ಮುಖ್ಯ. ಬ್ಯಾಂಕಿಗೆ ಸಾಲದ ಕಂತು. ಎಲ್ಲವೂ ನ್ಯಾಯವೇ. ಆದರೆ ಒದ್ದೆ ಸೊಪ್ಪು ಮುರಿಯುವ ಹೆಣ್ಣುಮಕ್ಕಳಿಗೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ. ಅವರಿಗೆ ಬೇಕಾದ್ದು ಕೈಗವಸು. ರಾತ್ರಿ ಬೆಂಕಿ ಕಾಯುವವನಿಗೆ ಬೇಕಾದ್ದು ಜಾಲರಿ. ಇವೆರಡೂ ಸೌದೆ ಉಳಿಸುವುದಿಲ್ಲ, ಹರಾಜಿನಲ್ಲಿ ರೇಟೂ ಏರಿಸುವುದಿಲ್ಲ. ಆದ್ದರಿಂದ 'ಮುಂದಿನ ವರ್ಷ ನೋಡೋಣ'.

ಈ 'ಮುಂದಿನ ವರ್ಷ' ನನಗೆ ಚೆನ್ನಾಗಿ ಗೊತ್ತು. ನನ್ನ ಪ್ರೆಸ್ಸಿನ ಕಟಿಂಗ್ ಮಷಿನ್ನಿಗೆ ಗಾರ್ಡ್ ಹಾಕಿಸದೆ, ಆ ದುಡ್ಡಿನಲ್ಲಿ ಹೊಸ ಕಂಪ್ಯೂಟರ್ ತಂದೆ. ಕೆಲಸ ಹೆಚ್ಚಿತು. ಮಳೆಗಾಲ ಮುಗಿಯುವುದರೊಳಗೆ ನಮ್ಮ ಹುಡುಗನ ಬೆರಳತುದಿ ಹೋಯಿತು. ಗಾರ್ಡಿನ ಬೇಡಿಕೆ ಅವನದೇ ಆಗಿತ್ತು, ಎರಡು ಸಲ ಕೇಳಿದ್ದ. ಅಂದಿನಿಂದ ನನ್ನ ಲೆಕ್ಕ ಒಂದೇ: ಮೈಗೆ ಆಗುವ ನಷ್ಟ ಮೊದಲ ಸಾಲಿಗೆ, ಜೇಬಿನ ನಷ್ಟ ಅದರ ಕೆಳಗೆ.

ಇನ್ನು ಭಾಷೆಯ ಮಾತು. ನೋಟಿಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ ಹೇಳಿತ್ತು. ಹೊಲದಂಚಿನ ಬ್ಯಾರನ್ನಿಗೆ ಅಂಥ ಫಲಕ ಯಾರು ತಂದು ಹಾಕಿದರು? ಕೀಟನಾಶಕದ ಡಬ್ಬಿಯ ಮೇಲೆ ಕನ್ನಡವಿರುತ್ತದೆ, ನಿಜ. ಅಕ್ಷರ ಮಾತ್ರ ಇರುವೆ ಸಾಲು! ಮುದ್ರಕನಾಗಿ ಹೇಳುತ್ತೇನೆ, ಇಂಗ್ಲಿಷ್ ಅಕ್ಷರ ಆರು ಪಾಯಿಂಟಿನಲ್ಲೂ ಓದಬಹುದು. ನಮ್ಮ ಒತ್ತಕ್ಷರ ಆ ಅಳತೆಯಲ್ಲಿ ಬರೀ ಮಸಿ. ಇಂಗ್ಲಿಷ್ ಕಾಗದ ಹಿಡಿದು ನಡೆಯುವ ಸಭೆಯಲ್ಲಿ ಜಾಲರಿ ಕೇಳುವವನು ಬಾಯೇ ಬಿಡುವುದಿಲ್ಲ.

ನಿಮ್ಮಲ್ಲಿ ಅನೇಕರ ಊರು ಇದೇ ಸೀಮೆ. ಈ ಸಲ ಹಬ್ಬಕ್ಕೆ ಹೋದಾಗ ಬ್ಯಾರನ್ ಒಳಗೆ ಹೋಗುವವನನ್ನೇ, ಸೊಪ್ಪು ಮುರಿಯುವ ಅಕ್ಕನನ್ನೇ ಕೇಳಿ, ಮೊದಲು ಯಾವುದು ಬೇಕು ಅಂತ. ಅವರ ಮಾತಲ್ಲೇ ಬರೆದು ತನ್ನಿ. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಕೊಡುತ್ತೇನೆ, ಕಾಗದದ ದುಡ್ಡು ಕೊಟ್ಟರೆ ಸಾಕು.