ಉಪಗ್ರಹದ ನಕ್ಷೆ ಮತ್ತು ಊರ ಕೆರೆಯ ಲೆಕ್ಕ
(ಗ್ರಾಮ ಪಂಚಾಯಿತಿ ಸದಸ್ಯರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಜೌಗು ಪ್ರದೇಶವೆಂಬ ಪದವು ಕಡತಗಳಲ್ಲಿ ಹೊಸದಾಗಿ ಕಂಡರೂ ಅದರ ಅರ್ಥವು ಗ್ರಾಮಗಳಿಗೆ ಹಳೆಯದು. ಕೆರೆ, ಕಟ್ಟೆ, ಕುಂಟೆ, ಹಳ್ಳದಂಚಿನ ಜವುಗು ನೆಲ, ಜಲಾಶಯದ ಹಿನ್ನೀರು ಇವೆಲ್ಲವೂ ಅದರಲ್ಲಿ ಸೇರುತ್ತವೆ. ಇವುಗಳ ಸಂರಕ್ಷಣೆಗಾಗಿ 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಡಂಬಡಿಕೆಯನ್ನು ಭಾರತವು 1982ರಲ್ಲಿ ಸೇರಿತು. ಆ ಒಡಂಬಡಿಕೆಯ ಪಟ್ಟಿಯಲ್ಲಿರುವ ಮಾಗಡಿ ಕೆರೆಯು ಗದಗ ಜಿಲ್ಲೆಯದು. ಇಲ್ಲಿನ ಮಾಗಡಿ ತಾಲ್ಲೂಕಿನದಲ್ಲ.

ಅಹಮದಾಬಾದಿನ ಇಸ್ರೋ ಬಾಹ್ಯಾಕಾಶ ಅನ್ವಯಿಕ ಕೇಂದ್ರವು 2006-07ರ ಉಪಗ್ರಹ ಚಿತ್ರಗಳನ್ನು ಆಧರಿಸಿ ಸಿದ್ಧಪಡಿಸಿದ ರಾಷ್ಟ್ರೀಯ ಜೌಗು ಪ್ರದೇಶ ನಕಾಶೆಯು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳು ದಾಖಲಾದವು. ದಶಕದ ಬಳಿಕ ನಡೆದ ಎಣಿಕೆಯಲ್ಲಿ ಈ ಸಂಖ್ಯೆ 2,31,195 ಆಯಿತು. ಸಂಖ್ಯೆ ಏರಿದ ಮಾತ್ರಕ್ಕೆ ಸ್ಥಿತಿ ಸುಧಾರಿಸಿತೆಂದು ಭಾವಿಸಲಾಗದು. ಹೊಸ ಜಲಾಶಯವೂ, ರಸ್ತೆಯಿಂದ ಎರಡಾಗಿ ಸೀಳಿದ ಹಳೆಯ ಕೆರೆಯೂ ಎಣಿಕೆಯನ್ನು ಹೆಚ್ಚಿಸಬಲ್ಲವು.

2.25 ಹೆಕ್ಟೇರ್ ಎಂದರೆ ಸುಮಾರು ಐದೂವರೆ ಎಕರೆ. ಐವತ್ತು ಸಾವಿರಕ್ಕೆ ಒಂದರ ಅಳತೆಯ ಆ ನಕಾಶೆಯಲ್ಲಿ ಇದು ಕೇವಲ ಮೂರು ಮಿಲಿಮೀಟರ್ ಚೌಕ. ಅದಕ್ಕಿಂತ ಕಿರಿದಾದ 5,55,557 ಜಲತಾಣಗಳು ಬರಿಯ ಚುಕ್ಕೆಗಳಾಗಿ ಉಳಿದವು. ಅವುಗಳ ಎಲ್ಲೆ ಅಲ್ಲಿಲ್ಲ. 2023ರಲ್ಲಿ ಪ್ರಕಟವಾದ ದೇಶದ ಮೊದಲ ಜಲಕಾಯಗಳ ಗಣತಿಯು ನೆಲದ ಮೇಲೆ ನಡೆದು 24,24,540 ಜಲಕಾಯಗಳನ್ನು ಎಣಿಸಿತು. ಅವುಗಳಲ್ಲಿ 38,496 ಒತ್ತುವರಿಯಾಗಿದ್ದವು. ಊರಿನ ಗೋಕಟ್ಟೆ, ಕುಂಟೆಗಳು ಬದುಕುವುದು ಅಥವಾ ಅಳಿಯುವುದು ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ.

ಉಪಗ್ರಹವು ನೀರನ್ನು ಗುರುತಿಸುವ ಬಗೆ ಸರಳವಾದುದು. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ನೀರು ಹೀರಿಕೊಂಡು ಕಪ್ಪಾಗಿ ತೋರುತ್ತದೆ; ಹಸಿರು ಎಲೆಯು ಅದನ್ನು ಹಿಂತಿರುಗಿಸುತ್ತದೆ. ಆದುದರಿಂದ ಅಂತರಗಂಗೆ ಮುಚ್ಚಿದ ಕೆರೆಯು ಚಿತ್ರದಲ್ಲಿ ಬೆಳೆಯ ಹೊಲದಂತೆ ಕಾಣಬಹುದು. ಮಳೆಗಾಲದ ಮುನ್ನ ಹಾಗೂ ನಂತರದ ಚಿತ್ರಗಳನ್ನು ಹೋಲಿಸುವುದು ವಾಡಿಕೆಯಾದರೂ ನೀರು ಎಲ್ಲಿಂದ ಬಂದಿತೆಂಬುದನ್ನು ಚಿತ್ರ ಹೇಳದು. ಚನ್ನಪಟ್ಟಣ ಭಾಗದಲ್ಲಿ ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ಏತ ನೀರಾವರಿಯ ಮೂಲಕ ಕೆರೆಗಳನ್ನು ತುಂಬಿಸಲಾಗುತ್ತದೆ. ಹೀಗೆ ತುಂಬಿದ ಕೆರೆಯ ನಾಲೆಗಳು ಮುಚ್ಚಿಹೋಗಿದ್ದರೂ ನಕ್ಷೆಯಲ್ಲಿ ಅದು ಆರೋಗ್ಯವಂತ ಕೆರೆಯೇ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯಿಂದ ತುಂಬುವ ಬೈರಮಂಗಲ ಕೆರೆಯೂ ವಿಸ್ತೀರ್ಣದ ಲೆಕ್ಕದಲ್ಲಿ ಜಲಸಮೃದ್ಧವೇ.

ಬತ್ತುವಿಕೆಯ ಕಾರಣವೂ ಕೆರೆಯ ಅಂಗಳದೊಳಗೇ ಇರಬೇಕೆಂದಿಲ್ಲ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಅರ್ಕಾವತಿಯ ಒಳಹರಿವು ಕುಸಿದುದನ್ನು ಏಟ್ರೀ ಸಂಸ್ಥೆಯ ಸಂಶೋಧಕರು ಇತರರೊಡಗೂಡಿ ಪರಿಶೀಲಿಸಿ 2015ರಲ್ಲಿ ವರದಿ ಮಾಡಿದರು. ಅವರು ಮಳೆಯ ಕೊರತೆಯನ್ನು ಮುಖ್ಯ ಕಾರಣವೆಂದು ಒಪ್ಪದೆ, ಅಂತರ್ಜಲದ ಅತಿಬಳಕೆ ಹಾಗೂ ನೀಲಗಿರಿ ತೋಪುಗಳತ್ತ ಬೆರಳು ತೋರಿದರು.

ಕಾನೂನಿನಲ್ಲೂ ಒಂದು ಸೂಕ್ಷ್ಮವಿದೆ. 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗಾಗಿ ಹಾಗೂ ಕುಡಿಯುವ ನೀರಿಗಾಗಿಯೇ ಕಟ್ಟಿದ ಜಲಕಾಯಗಳನ್ನು ಹೊರಗಿಟ್ಟಿವೆ. ಅಚ್ಚುಕಟ್ಟುಳ್ಳ ಕೆರೆಗಳಿಗೆ ಆಧಾರವಾಗುವುದು ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಅಧಿನಿಯಮ. ಅದೂ ಫಲಿಸಬೇಕಾದರೆ ಕೆರೆಯ ಎಲ್ಲೆ ಖಚಿತವಿರಬೇಕು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಉಪಗ್ರಹ ಗುರುತಿಸಿದ ಜೌಗು ಪ್ರದೇಶಗಳನ್ನು ಸ್ಥಳದಲ್ಲಿ ಪರಿಶೀಲಿಸಿ ಗಡಿ ಗುರುತಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿದುದು ಈ ಕಾರಣದಿಂದಲೇ.

ಆದಕಾರಣ ಪ್ರತಿಯೊಂದು ಪಂಚಾಯಿತಿಯು ಕೈಗೊಳ್ಳಬಹುದಾದ ಕಾರ್ಯಗಳು ಇಂತಿವೆ:

1. ಎಷ್ಟೇ ಕಿರಿದಾದರೂ ಪ್ರತಿ ಕೆರೆ, ಕಟ್ಟೆ, ಕುಂಟೆಯನ್ನು ಸರ್ವೆ ನಂಬರ್, ವಿಸ್ತೀರ್ಣ ಹಾಗೂ ಉಸ್ತುವಾರಿ ಇಲಾಖೆಯ ಹೆಸರಿನೊಡನೆ ವಹಿಯಲ್ಲಿ ದಾಖಲಿಸುವುದು.

2. ಗ್ರಾಮನಕ್ಷೆ ಮತ್ತು ಪಹಣಿಯನ್ನು ದಿಶಾಂಕ್ ಆ್ಯಪ್‌ನೊಡನೆ ಹೋಲಿಸುವುದು. ಆ್ಯಪ್ ದಾರಿ ತೋರುವುದಷ್ಟೇ. ಎಲ್ಲೆಯನ್ನು ನಿರ್ಣಯಿಸುವುದು ಸರ್ಕಾರಿ ಭೂಮಾಪಕರ ಅಳತೆ. ವ್ಯತ್ಯಾಸ ಕಂಡಲ್ಲಿ ಅಳತೆ ಕೋರಿ ತಹಶೀಲ್ದಾರರಿಗೆ ಠರಾವು ಸಲ್ಲಿಸುವುದು.

3. ಪ್ರತಿ ವರ್ಷ ಮೇ ಹಾಗೂ ಡಿಸೆಂಬರ್ ತಿಂಗಳಲ್ಲಿ ಏರಿಯ ಮೇಲಿನ ಒಂದೇ ಸ್ಥಳದಿಂದ ಛಾಯಾಚಿತ್ರ ತೆಗೆಯುವುದು; ನೀರಿನ ಮೂಲ, ಕಳೆ, ಹೂಳು, ನಾಲೆ, ತೂಬು, ಕೋಡಿಗಳ ಸ್ಥಿತಿಯನ್ನು ಬರೆದಿಡುವುದು.

4. ಈ ದಾಖಲೆಯನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು. ಹಕ್ಕಿ, ಮೀನು, ಸಸ್ಯಗಳ ವಿವರವನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಸೇರಿಸುವುದು.

ಒತ್ತುವರಿಯ ವಿಷಯದಲ್ಲಿ ಸದಸ್ಯರ ಇಕ್ಕಟ್ಟು ಸಣ್ಣದಲ್ಲ. ಕೆರೆಯಂಗಳವನ್ನು ಉಳುವವರು ಹಲವು ವೇಳೆ ನೆಂಟರೋ, ನೆರೆಯವರೋ, ಮತ ನೀಡಿದವರೋ ಆಗಿರುತ್ತಾರೆ. ಅಂತಹ ಸಂದರ್ಭದಲ್ಲಿ ವ್ಯಕ್ತಿಯತ್ತ ಬೆರಳು ತೋರುವ ಬದಲು ಅಳತೆಯನ್ನು ಮುಂದಿಡುವುದು ನ್ಯಾಯವೂ ಹೌದು, ಸುಲಭವೂ ಹೌದು. ವರ್ಷ ವರ್ಷದ ದಾಖಲೆಯಿದ್ದಲ್ಲಿ ವಾದ ಕಿರಿದಾಗುತ್ತದೆ. ದಾಖಲೆಯಿಲ್ಲದ ಕುಂಟೆಯು ಎರಡು ಬರಗಾಲದಲ್ಲಿ ಬಯಲಾಗಿ, ಮೂರನೆಯದರಲ್ಲಿ ನಿವೇಶನವಾದೀತು.

ಉಪಗ್ರಹವು ಮೇಲಿನಿಂದ ದೇಶವನ್ನು ನೋಡುತ್ತದೆ. ಏರಿಯ ಮೇಲೆ ನಿಂತು ನೋಡುವ ಹೊಣೆ ಪಂಚಾಯಿತಿಯದು. ಬರುವ ಮೇ ತಿಂಗಳಿನಲ್ಲಿ ಪ್ರತಿ ಪಂಚಾಯಿತಿಯಿಂದ ಒಂದು ಕೆರೆಯ ದಾಖಲೆಯಾದರೂ ಆರಂಭವಾಗಲಿ.