ನಷ್ಟವಿಲ್ಲದ ತಂತಿಯ ನಷ್ಟ

ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಹಗಲಿನ ಗದ್ದಲದಲ್ಲಿ ಅದರತ್ತ ಯಾರ ಗಮನವೂ ಹರಿಯುವುದಿಲ್ಲ. ರಾತ್ರಿ ಬೀದಿ ನಿಶ್ಶಬ್ದವಾದ ಮೇಲೆ ತಂಬೂರಿಯ ಶ್ರುತಿಯಂತೆ ಅದರ ಗುಂಯ್‌ಕಾರ ಕೇಳಿಬರುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಎಂದರೆ 100 ಬಾರಿ ದಿಕ್ಕು ಬದಲಿಸುತ್ತದೆ. ಒಳಗಿನ ಕಬ್ಬಿಣವೂ ಅಷ್ಟೇ ಬಾರಿ ತನ್ನ ಕಾಂತತ್ವವನ್ನು ಹೊರಳಿಸಿಕೊಳ್ಳಬೇಕು. ಆ ಹೊರಳಾಟದಲ್ಲಿ ಒಂದಿಷ್ಟು ಸದ್ದು, ಒಂದಿಷ್ಟು ಬಿಸಿ. ಆ ಸದ್ದು ಕಿವಿಗೆ ಬಿದ್ದಾಗಲೆಲ್ಲ ನಾನು ಹಿಂದೊಮ್ಮೆ ಕೊಟ್ಟ ತಪ್ಪು ಉತ್ತರ ನೆನಪಾಗುತ್ತದೆ. ಇಂದಿನ ಈ ಭಾಷಣ ಆ ತಪ್ಪಿಗೊಂದು ತಿದ್ದುಪಡಿ.

ಅದು 1987ನೆಯ ಇಸವಿ. ನಾನಾಗ ಭೌತಶಾಸ್ತ್ರದ ತರುಣ ಅಧ್ಯಾಪಕ. ಅತಿಯಾಗಿ ತಣಿಸಿದ ಪಾದರಸದಲ್ಲಿ ವಿದ್ಯುತ್ತಿಗೆ ರೋಧವೇ ಇಲ್ಲವಾಗುವುದನ್ನು 1911ರಲ್ಲೇ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಕಂಡಿದ್ದರು. ಆದರೆ ಅದಕ್ಕೆ ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯ ಬೇಕಾಗಿತ್ತು. 1987ರಲ್ಲಿ ದೊರೆತ ಹೊಸ ಆಕ್ಸೈಡುಗಳಿಗಾದರೋ ಅಗ್ಗದ ದ್ರವ ಸಾರಜನಕದ ತಂಪು, ಮೈನಸ್ 196 ಡಿಗ್ರಿ, ಸಾಕಾಗಿತ್ತು. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರೂ ಆ ಸಂಶೋಧನೆಯಲ್ಲಿ ತೊಡಗಿದ್ದರು. ಉತ್ಸಾಹಕ್ಕೆ ಮಿತಿಯಿರಲಿಲ್ಲ.

ಪೇಟೆಯ ಒಂದು ಸಣ್ಣ ಸಭೆಯಲ್ಲಿ ನಾನು ಹೇಳಿದೆ: "1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಗಣಿಗಳನ್ನು ಮುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ತಂತಿ ದಾರಿಯುದ್ದಕ್ಕೂ ಸುಂಕ ಕೇಳುತ್ತಿತ್ತು. ಅತಿವಾಹಕದ ತಂತಿ ಬಂದರೆ ಆ ಸುಂಕ ಪೂರ್ತಿ ಮಾಫಿ!"

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಲೈನ್‌ಮನ್ ಆಗಿದ್ದು ನಿವೃತ್ತರಾದವರಂತೆ. "ಮೇಷ್ಟ್ರೇ, ನೀವು ಹೇಳಿದ್ದು ಬ್ಯಾಟರಿ ಕರೆಂಟಿಗೋ, ಲೈನ್ ಕರೆಂಟಿಗೋ?" ಎಂದರು. "ಎರಡಕ್ಕೂ ಒಂದೇ, ಯಜಮಾನರೇ" ಎಂದುಬಿಟ್ಟೆ. ಅವರು ತಲೆಯಾಡಿಸಿ ಕುಳಿತರು.

ಎರಡಕ್ಕೂ ಒಂದೇ ಅಲ್ಲ. ಹೆಚ್ಚು ಪ್ರವಾಹವನ್ನು ಹೊರಬಲ್ಲ ಅತಿವಾಹಕಗಳ ಒಳಕ್ಕೆ ಕಾಂತಕ್ಷೇತ್ರವು ಸೂಕ್ಷ್ಮವಾದ ಎಳೆಗಳಾಗಿ ನುಸುಳುತ್ತದೆ. ಪ್ರವಾಹ ಈ ಎಳೆಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಅವು ಸರಿದಾಡಿದರೆ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಆದುದರಿಂದ ತಂತಿ ತಯಾರಿಸುವವರು ಅದರ ರಚನೆಯಲ್ಲಿ ಬೇಕೆಂದೇ ಕೊರೆಗಳನ್ನು ಉಳಿಸಿ, ಎಳೆಗಳು ಅಲ್ಲಲ್ಲೇ ಸಿಕ್ಕಿಕೊಳ್ಳುವಂತೆ ಮಾಡುತ್ತಾರೆ. ಒಂದೇ ದಿಕ್ಕಿನಲ್ಲಿ ಹರಿಯುವ ಸ್ಥಿರ ಪ್ರವಾಹಕ್ಕೆ ಇದು ವರ. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಸುರುಳಿಯಲ್ಲಿ ಒಮ್ಮೆ ಹರಿಯಬಿಟ್ಟ ಪ್ರವಾಹ ವರ್ಷಗಟ್ಟಲೆ ಸುತ್ತುತ್ತಲೇ ಇರುವುದು ಹೀಗೆ.

ದಿಕ್ಕು ಬದಲಿಸುವ ಪ್ರವಾಹಕ್ಕೆ ಅದೇ ವರ ಶಾಪವಾಗುತ್ತದೆ. ಪಂಚೆಯ ಅಂಚು ಮುಳ್ಳಿಗೆ ಸಿಕ್ಕಿದೆ ಎನ್ನಿ. ಸುಮ್ಮನೆ ನಿಂತರೆ ಬಾಧೆಯಿಲ್ಲ. ಹಿಂದಕ್ಕೂ ಮುಂದಕ್ಕೂ ಓಡಾಡಿದರೆ ಪ್ರತಿ ಸಲವೂ ಎಳೆದು ಬಿಡಿಸಿಕೊಳ್ಳಬೇಕು. ಕಾಂತದ ಎಳೆಗಳ ಪಾಡೂ ಇದೇ. ಪ್ರತಿ ಆವರ್ತದಲ್ಲೂ ಅವು ಕಿತ್ತುಕೊಂಡು ಹೊರಬರಬೇಕು, ಎದುರು ದಿಕ್ಕಿನವು ಒಳನುಗ್ಗಬೇಕು. ಆ ಎಳೆದಾಟದ ಬೆಲೆಯೇ ಬಿಸಿ. 1960ರ ದಶಕದ ಆರಂಭದಲ್ಲೇ ಅಮೆರಿಕದ ಚಾರ್ಲ್ಸ್ ಬೀನ್ ಇದರ ಲೆಕ್ಕಾಚಾರಕ್ಕೆ ದಾರಿ ತೋರಿದ್ದರು. ನಾನು ಓದಿರಲಿಲ್ಲ, ಅಷ್ಟೆ. ಆವರ್ತ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಶಿವನಸಮುದ್ರದ ಮೊದಲ ಯಂತ್ರಗಳು 25 ಆವರ್ತದವು. ಅತಿವಾಹಕದ ತಂತಿಯಲ್ಲಿ ಅಷ್ಟೇ ಪ್ರವಾಹ ಆ ಆವರ್ತದಲ್ಲಿ ಹರಿದಿದ್ದರೆ ಈ ಎಳೆದಾಟದ ನಷ್ಟ ಇಂದಿನದರ ಅರ್ಧ.

ಬಿಸಿ ಅಲ್ಪವೇ ಇರಬಹುದು. ಆದರೆ ಹುಟ್ಟುವುದು ಆ ಕಡುಶೈತ್ಯದ ನಡುವೆ. ದ್ರವ ಸಾರಜನಕದ ತಂಪಿನಲ್ಲಿ ಹುಟ್ಟಿದ ಒಂದು ವಾಟ್ ಬಿಸಿಯನ್ನು ಹೊರಹಾಕಲು ಶೈತ್ಯಯಂತ್ರ ಹತ್ತರಿಂದ ಇಪ್ಪತ್ತು ವಾಟ್ ನುಂಗುತ್ತದೆ. ದ್ರವ ಹೀಲಿಯಮ್ಮಿನ ತಂಪಿನಲ್ಲಾದರೆ ನೂರಾರು ವಾಟ್. ಮಾಫಿಯಾದ ಸುಂಕ ಬೇರೆ ಬಾಗಿಲಿನಿಂದ ಒಳಗೆ ಬರುವುದೆಂದರೆ ಇದೇ.

ಹಾಗೆಂದು ಕೈಚೆಲ್ಲಿ ಕೂರಬೇಕಾದದ್ದಿಲ್ಲ. ಅತಿವಾಹಕವನ್ನು ಕೂದಲಿಗಿಂತ ನವಿರಾದ ತಂತುಗಳಾಗಿ ಎಳೆದರೆ ಕಾಂತದ ಎಳೆಗಳ ಓಡಾಟ ಕಿರಿದಾಗುತ್ತದೆ. ಆ ತಂತುಗಳನ್ನು, ನಮ್ಮ ಅಜ್ಜಿಯರು ಬತ್ತಿ ಹೊಸೆಯುತ್ತಿದ್ದಂತೆ, ಹುರಿಗೊಳಿಸಬೇಕು. ಹೊಸೆಯದಿದ್ದರೆ ಅವೆಲ್ಲ ಒಂದಾಗಿ ದಪ್ಪ ತಂತಿಯಂತೆಯೇ ವರ್ತಿಸುತ್ತವೆ. ಹೊಸ ಆಕ್ಸೈಡುಗಳು ಮಡಕೆಯಂತೆ ಪೆಡಸು. ಚಪ್ಪಟೆ ಪಟ್ಟಿಗಳಾಗಿ ಬರುವ ಅವನ್ನು ಹೀಗೆ ಸೀಳಿ ಹೊಸೆಯುವುದು ಇಂದಿಗೂ ಕಷ್ಟದ ಕೆಲಸ. ಆದರೂ 2014ರಲ್ಲಿ ಜರ್ಮನಿಯ ಎಸ್ಸೆನ್ ನಗರದಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಅತಿವಾಹಕ ಕೇಬಲ್ಲು ಇಂಥದೇ ಲೈನ್ ಕರೆಂಟನ್ನು ಹೊತ್ತು ಕೆಲಸಕ್ಕೆ ನಿಂತಿತು. ನಷ್ಟವಿಲ್ಲವೆಂಬ ನಂಬಿಕೆಯಿಂದಲ್ಲ, ನಷ್ಟವೆಷ್ಟೆಂಬ ಲೆಕ್ಕ ಹಾಕಿ.

ಆ ಹಿರಿಯರನ್ನು ನಾನು ಮತ್ತೆ ಕಾಣಲಿಲ್ಲ. ಹೆಸರನ್ನೂ ಕೇಳಿಟ್ಟುಕೊಂಡಿರಲಿಲ್ಲ. ನನ್ನ ಪುಸ್ತಕಗಳು ಕೇಳದಿದ್ದ ಪ್ರಶ್ನೆಯನ್ನು ಅವರ ಅನುಭವ ಕೇಳಿತ್ತು. ಅವರ ಮನೆಯವರು ಯಾರಾದರೂ ಈ ಹೊತ್ತು ರೇಡಿಯೋ ಮುಂದಿದ್ದರೆ ಅವರಲ್ಲಿ ನನ್ನ ಅರಿಕೆಯಿಷ್ಟೆ: ಯಜಮಾನರ ಅನುಮಾನ ಸರಿಯಾಗಿತ್ತು, ತಪ್ಪಿದವನು ಮೇಷ್ಟ್ರು.