ಡಯಾಲಿಸಿಸ್ ಫ್ರೀ, ಲಸಿಕೆ ಯಾರ ಹೊಣೆ?

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡ ಅಂದ್ರೆ ಸಕ್ಕರೆ ಕಾರ್ಖಾನೆ, ಕಬ್ಬು. ಅಲ್ಲಿಯ ರೈತನೊಬ್ಬನ ಕಿಡ್ನಿ ಕೈಕೊಟ್ಟರೆ ವಾರಕ್ಕೆ ಎರಡು-ಮೂರು ಸಲ ದಾವಣಗೆರೆ ಬಸ್ ಹತ್ತಬೇಕು. 2016ರಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ. ಸಂತೋಷ. ಆದ್ರೆ ನನ್ನ ಪ್ರಶ್ನೆ ಬೇರೆ: ಆ ರೈತನಿಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿದ್ದೀರಾ?

ಯಾಕೆ ಕೇಳ್ತೀನಿ ಅಂದ್ರೆ, ಡಯಾಲಿಸಿಸ್‌ನಲ್ಲಿ ಪ್ರತಿ ಸಲ ಮೈಯ ರಕ್ತ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತದೆ. ಈ ವೈರಸ್ಸೋ, ಒಣಗಿದ ರಕ್ತದ ಕಲೆಯಲ್ಲೂ 7 ದಿನ ಬದುಕಬಲ್ಲದು. ದೇಶದ ಎಲ್ಲ ಮಕ್ಕಳಿಗೂ ಈ ಲಸಿಕೆ ಸಿಗುವಂತಾದದ್ದು 2011ರಲ್ಲಿ. ಐವತ್ತು ದಾಟಿದವರಿಗೆ ಆ ಭಾಗ್ಯ ಎಲ್ಲಿತ್ತು?

ಕಿಡ್ನಿ ರೋಗಿಯ ದೇಹಕ್ಕೆ ಸಾಮಾನ್ಯ ಡೋಸ್ ಸಾಲದು. ವಯಸ್ಕರಿಗೆ ಕೊಡುವ 20 ಮೈಕ್ರೋಗ್ರಾಂ ಬದಲು 40 ಬೇಕು. ಕೋರ್ಸ್ ಮುಗಿದು ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿ, ರಕ್ಷಣೆ ಬಂದಿದೆಯೋ ಇಲ್ಲವೋ ನೋಡಬೇಕು.

ಕಿಡ್ನಿ ಕಸಿಗೆ ಕಾಯುವವರಿಗೆ ಇನ್ನೂ ಅವಸರ. ಕಸಿ ಆದಮೇಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆ ಆಗ ಕೊಡುವಂತಿಲ್ಲ, 4 ವಾರ ಮೊದಲೇ ಮುಗಿಸಬೇಕು.

ಯಂತ್ರ ಉದ್ಘಾಟಿಸಿ ಟೇಪು ಕತ್ತರಿಸುವವರೇ, ಲಸಿಕೆಯ ಲೆಕ್ಕವನ್ನೂ ಕೊಡಿ. ರೋಗಿಗಳೇ, ನಾಳೆ ಹೋದಾಗ ಡಾಕ್ಟರನ್ನು ಕೇಳಿ: "ಸಾರ್, ನಂಗೆ ಲಸಿಕೆ ಆಗಿದೆಯಾ?" ಕೇಳೋದು ನಿಮ್ಮ ಹಕ್ಕು.